ಮುಟ್ಟದೆ ಹೋದ ಕಾಫಿ

ರುಸ್ದಿ ಕಾಫಿಯನ್ನು ಮುಟ್ಟದೆ ಹೋಗಿಬಿಟ್ಟ.

ಲೋಟ ಮಸ್ನಾಳ ಮನೆಯ ಜಗುಲಿಯ ಮೇಲೆ ಹಬೆಯಾಡುತ್ತಾ ಹಾಗೇ ಇತ್ತು. ಅವಳು ವಾಕಿಟಾಕಿ ರೇಡಿಯೊದ ಬ್ಯಾಟರಿ ಬದಲಿಸಿ ತಲೆಯೆತ್ತುವಷ್ಟರಲ್ಲಿ ಅವನ ದೋಣಿ ಕಿನಬತಾಂಗನ್ ನದಿಯ ತಿರುವು ದಾಟಿತ್ತು. ಕಾಡಿಗೆ ಹೊರಟವನು ಎದುರಿಗಿಟ್ಟದ್ದನ್ನು ಕುಡಿಯದಿದ್ದರೆ ಹೋಗಲಿ, ಬೆರಳ ತುದಿಯಿಂದಾದರೂ ಮುಟ್ಟಬೇಕು. ಮುಟ್ಟದೆ ಹೋದವನಿಗೆ ಹಾವೋ ಮೊಸಳೆಯೋ ಮುರಿಯುವ ಕೊಂಬೆಯೋ ಕಾದಿರುತ್ತದೆ. ಊರಿನ ಹಾಲುಹಲ್ಲಿನ ಮಕ್ಕಳಿಗೂ ಇದು ಗೊತ್ತು. ಗೊತ್ತಿದ್ದೂ ಮುಟ್ಟಲಿಲ್ಲ ಅಂದರೆ ಅವನಿಗೆ ಕೋಪ.

ಕೋಪಕ್ಕೆ ಕಾರಣವೂ ಇತ್ತು. ನಿನ್ನೆ ಸಂಜೆ ಅವನು, "ನಾಳೆ ನೀನು ಮನೇಲೇ ಇರ್ತೀಯಾ?" ಎಂದು ಕೇಳಿದ್ದ. "ನಾನಿದ್ರೇನು, ಬಿಟ್ರೇನು ನಿಂಗೆ?" ಎಂದುಬಿಟ್ಟಿದ್ದಳು. ಮೂರು ವರ್ಷದಿಂದ ಓರೆಗಣ್ಣಲ್ಲಿ ನೋಡುತ್ತಾನೆ, ನಗುತ್ತಾನೆ, ಹೋಗುತ್ತಾನೆ. ಹುಡುಗಿಯಾದವಳು ಎಷ್ಟು ದಿನ ಅಂತ ಕಾಯಬೇಕು?

ಇಬ್ಬರೂ ಒರಾಂಗುಟಾನ್ ವಾನರಗಳನ್ನು ಕಾಯುವ ತಂಡದವರು. ತಾಳೆ ತೋಟದವರು ತೋಡಿದ ಕಾಲುವೆ ಕಾಡನ್ನು ಎರಡಾಗಿ ಸೀಳಿತ್ತು. ಒರಾಂಗುಟಾನ್‌ಗೆ ಈಜು ಬಾರದು. ಆಚೆಯ ತುಂಡು ಕಾಡಲ್ಲಿ ಒಂದು ತಾಯಿ, ಒಂದು ಮರಿ ಸಿಕ್ಕಿಕೊಂಡಿದ್ದವು. ಹಣ್ಣು ಮುಗಿದು ತೊಗಟೆ ತಿನ್ನುತ್ತಿದ್ದವು. ಅವಕ್ಕಾಗಿ ಬೆಂಕಿ ಆರಿಸುವವರ ಹಳೆಯ ಪೈಪುಗಳನ್ನು ಹೆಣೆದು ಮರದಿಂದ ಮರಕ್ಕೆ ಕಟ್ಟಿದ ತೂಗುಸೇತುವೆ ಏಳು ತಿಂಗಳಿಂದ ಬರಿದೇ ತೂಗುತ್ತಿತ್ತು. ಈಗ ಅದರ ಗಂಟೂ ಸಡಿಲ. ಜೊತೆಗಾರ ಜ್ವರ ಬಂದು ಮಲಗಿದ್ದರಿಂದ ರುಸ್ದಿ ಒಬ್ಬನೇ ಮರ ಹತ್ತಿ ಅದನ್ನು ಬಿಗಿಯಬೇಕಿತ್ತು.

ಎಂಟಕ್ಕೆ ರೇಡಿಯೊದಲ್ಲಿ ಕರೆದಳು. "ರುಸ್ದಿ, ಕೇಳಿಸ್ತಿದ್ಯಾ?" ಬರೀ ಗರಗರ. ಒಂಬತ್ತಕ್ಕೂ ಅಷ್ಟೆ. ಹತ್ತಕ್ಕೂ ಗರಗರವೇ ಬಂದಾಗ ಎದ್ದು ನಿಂತಳು.

"ಚಿಕ್ಕಮ್ಮಾ, ಕಾಲುವೆ ಹತ್ರ ಹೋಗಿಬರ್ತೀನಿ."

"ಇವತ್ತು ಎಲ್ಲೂ ಹೋಗ್ಬೇಡ ಕಣೇ! ಒಳ್ಳೇ ಬಟ್ಟೆ ಹಾಕ್ಕೊಂಡು ಸುಮ್ನೆ ಕೂತ್ಕೋ" ಎಂದಳು ಜೈತುನ್ ಚಿಕ್ಕಮ್ಮ ಅಡುಗೆಮನೆಯಿಂದ.

ಯಾಕೆಂದು ಕೇಳುವ ವ್ಯವಧಾನ ಮಸ್ನಾಗೆ ಎಲ್ಲಿತ್ತು? ಕಾಫಿ ಬಿಸಿಮಾಡಿ ಫ್ಲಾಸ್ಕಿಗೆ ಸುರಿದು, ದೋಣಿ ಹತ್ತಿದಳು.

ಕಾಲುವೆಯ ದಡದಲ್ಲಿ ಅವನ ದೋಣಿ ಖಾಲಿಯಿತ್ತು. ಮರದ ಬುಡದಲ್ಲಿ ಬೂಟುಗಳು. ಕೂಗಲು ಬಾಯಿ ತೆರೆದು ತಲೆಯೆತ್ತಿದಳು, ಬಾಯಿ ಹಾಗೇ ನಿಂತಿತು.

ಎತ್ತರದಲ್ಲಿ, ಎಲೆಗಳ ಮರೆಯಲ್ಲಿ, ರುಸ್ದಿ ಹಲ್ಲಿಯ ಹಾಗೆ ಮರಕ್ಕೆ ಅಂಟಿದ್ದ. ಬಿಚ್ಚಿಹೋದ ಗಂಟಿನ ಹಗ್ಗವನ್ನು ಎರಡೂ ಕೈಯಲ್ಲಿ ಜಗ್ಗಿ ಹಿಡಿದಿದ್ದ. ಕತ್ತಿನ ಮೇಲೆ ಇರುವೆ ಸಾಲು. ಕಣ್ಣಲ್ಲೇ 'ಮಾತಾಡಬೇಡ' ಎಂದ. ಎಂದಿನ ತುಂಟತನವಿರಲಿಲ್ಲ ಆ ಕಣ್ಣಲ್ಲಿ. ನೀನ್ಯಾಕೆ ಇಲ್ಲಿಗೆ ಬಂದೆ ಎಂಬ ದಿಗಿಲಿತ್ತು.

ಸೇತುವೆಯ ಮೇಲೆ ತಾಯಿ ಒರಾಂಗುಟಾನ್ ನಿಂತಿತ್ತು. ಮರಿ ಆ ತುದಿಯಲ್ಲೇ ಕೊಂಬೆ ತಬ್ಬಿ ಕುಂಯ್ಗುಟ್ಟುತ್ತಿತ್ತು. ತಾಯಿ ಹಿಂದಕ್ಕೆ ಹೋಯಿತು. ಒಂದು ಕೈ ಕೊಂಬೆಗೆ, ಒಂದು ಕಾಲು ಪೈಪಿಗೆ ಚಾಚಿ, ತನ್ನ ಮೈಯನ್ನೇ ಹಾಸಿಕೊಟ್ಟಿತು. ಮರಿ ಅಳುತ್ತಲೇ ಅದರ ಮೇಲೆ ಹತ್ತಿತು. ಹಗ್ಗ ಒಂದು ಗೇಣು ಜಾರಿತು. ರುಸ್ದಿ ಮುಖ ಕಿವುಚಿದ, ಕೈ ಬಿಡಲಿಲ್ಲ. ಅವೆರಡೂ ಈ ದಡದ ಎಲೆಗಳೊಳಗೆ ಮರೆಯಾಗುವ ತನಕ ಮಸ್ನಾ ರೆಪ್ಪೆ ಮುಚ್ಚಲಿಲ್ಲ.

ಅವನು ಇಳಿದು ಬಂದಾಗ ಅಂಗೈ ಸುಲಿದಿತ್ತು. ಮಸ್ನಾ ಫ್ಲಾಸ್ಕಿನ ಮುಚ್ಚಳ ತೆಗೆದು ಮುಂದೆ ಹಿಡಿದಳು.

"ಮೊದ್ಲು ಮುಟ್ಟು."

"ಮಸ್ನಾ, ನೋಡಿದ್ಯಾ, ದಾಟಿಬಿಟ್ವು—"

"ಮುಟ್ಟು ಅಂದೆ!"

ಬೆರಳು ಅದ್ದಿ, "ಹಾ!" ಎಂದು ಕೊಡವಿದ. ಅವಳಿಗೆ ಅಳು ಒತ್ತರಿಸಿ ಬಂತು. "ಕೋಪ ಇದ್ರೆ ನನ್ನ ಮೇಲೆ ತೋರ್ಸು, ಕಾಫಿ ಮೇಲ್ಯಾಕೆ? ನಿಂಗೇನಾದ್ರೂ ಆಗಿದ್ರೆ ನಾನು ಹೇಗಿರ್ಲಿ, ಕತ್ತೆ?"

"ಕೋಪಾನಾ? ಕೈ ನಡುಗ್ತಿತ್ತು ಕಣೇ! ಲೋಟ ಹಿಡಿದ್ರೆ ಚೆಲ್ತೀನಿ ಅಂತ ಓಡಿಬಂದೆ. ಇವತ್ತು ಹನ್ನೊಂದಕ್ಕೆ ನಮ್ಮಮ್ಮ ಹೆಣ್ಣು ಕೇಳೋಕೆ ನಿಮ್ಮನೆಗೆ ಬರ್ತಾಳೆ. ನೀನು ಮನೇಲಿರ್ಬೇಕಿತ್ತು!"

ಮಸ್ನಾ ಗಡಿಯಾರ ನೋಡಿದಳು. ಹನ್ನೊಂದೂವರೆ. ಕೇಳಲು ಬಂದಾಗ ಹುಡುಗಿ ಒಳಗೆ ಸುಮ್ಮನೆ ಕೂತಿದ್ದರೆ ಒಪ್ಪಿಗೆ. ಮನೆ ಬಿಟ್ಟು ಹೋಗಿದ್ದರೆ ಬೇಡವೆಂದೇ ಅರ್ಥ, ಮತ್ತೆ ಯಾರೂ ಬಂದು ಕೇಳುವುದಿಲ್ಲ.

ಪ್ರಾಣಿಗಳು ಬೆದರಬಾರದೆಂದು ಆರಿಸಿಟ್ಟಿದ್ದ ರೇಡಿಯೊವನ್ನು ರುಸ್ದಿ ಹಾಕಿದ. ಚಿಕ್ಕಮ್ಮನ ಗಂಟಲು ಕಾಡಿಗೆಲ್ಲ ಕೇಳುವಂತಿತ್ತು: "ಎಲ್ಲಿದ್ದೀಯೇ ಹಾಳಾದವ್ಳೇ! ಅವರು ಚಪ್ಪಲಿ ಹಾಕ್ಕೊಳ್ತಿದ್ದಾರೆ!"

ತಂಡದ ಹನ್ನೆರಡು ಜನ ಒಂದೊಂದು ಮರದ ಕೆಳಗೆ ಕೂತು ಅದೇ ಚಾನಲ್ ಕೇಳುತ್ತಿದ್ದರು. ಮಸ್ನಾ ರೇಡಿಯೊ ಕಿತ್ತುಕೊಂಡು ಗುಂಡಿ ಒತ್ತಿದಳು.

"ಚಿಕ್ಕಮ್ಮಾ, ಅವರನ್ನ ಕೂರ್ಸು. ನಂಗೆ ಒಪ್ಪಿಗೆ. ಮೂರು ವರ್ಷದಿಂದ ಒಪ್ಪಿಗೆ."

ಗರಗರ. ಏನೂ ಇಲ್ಲ. ಇಬ್ಬರೂ ರೇಡಿಯೊಗೆ ಕಿವಿಯಿಟ್ಟರು.

ಆಮೇಲೆ ಬೇರೊಂದು ಮುದಿ ದನಿ, ಗುಂಡಿ ಒತ್ತಿ ಅಭ್ಯಾಸವಿಲ್ಲದ್ದು, ತಡವರಿಸುತ್ತಾ ಬಂತು: "ಮೂರು ವರ್ಷಾನಾ? ಅಯ್ಯೋ ನನ್ನ ದಡ್ಡ ಮಗನೇ! ಚಪ್ಪಲಿ ಬಿಟ್ಟೆ ಕಣಮ್ಮಾ. ಅವನನ್ನೂ ಕರ್ಕೊಂಡು ಬೇಗ ಬಾ."

ಮಸ್ನಾ ಸುಲಿದ ಅಂಗೈ ಅಂತಲೂ ನೋಡದೆ ಅವನ ಕೈ ಹಿಡಿದೆಳೆದುಕೊಂಡು ದೋಣಿಯ ಕಡೆ ಓಡಿದಳು.