ಮೂರನೇ ಕಾಲಂನ ಸೊನ್ನೆ

ಟ್ಯಾಂಕರ್ ರಿವರ್ಸ್ ಬರುತ್ತಿತ್ತು. ನನ್ನ ಬೆನ್ನಿಗೆ ಗೋಡೆ!

"ಪುಸ್ತಕ ಬಿಸಾಕೋ... ಬಿಟ್ಬಿಡ್ತೀನಿ!" ಡ್ರೈವರ್ ಸೀಟಿನಿಂದ ಮಾವ ಕೂಗಿದ. ನನಗೇನೂ ಮಾವನಲ್ಲ. ಹನ್ನೆರಡು ಟ್ಯಾಂಕರಿನ ಮಾಲೀಕ, ಊರಿಗೆಲ್ಲ ಮಾವ.

"ಮಾವ, ಬ್ರೇಕ್ ಹಾಕಿ!"

"ಸ್ವಲ್ಪ ಲೂಸು ಕಣೋ."

ನೆಲಕ್ಕೆ ಬಿದ್ದೆ. ಚಕ್ರಗಳ ನಡುವೆ ಉರುಳಿ ಆಚೆ ಎದ್ದೆ. ಬಂಪರ್ ಗೋಡೆಗೆ ಗುದ್ದಿತು. ಓಟ ಕಿತ್ತೆ.

ವಿಷಯ ಇಷ್ಟೇ ನೋಡಿ. ಗುಡ್ಡದ ಬಡಾವಣೆಗೆ ನಲ್ಲಿ ನೀರಿಲ್ಲ. ಅಲ್ಲಿ ನನ್ನಕ್ಕ ಇದ್ದಾಳೆ. ಮೂರು ಮಕ್ಕಳು, ವಾರಕ್ಕೊಂದು ಟ್ಯಾಂಕರ್. ಜಲಮಂಡಳಿಯ ಮುಂದೆ ಮೂರು ದಾರಿ. ಒಂದು, ನದಿಯಿಂದ ಪಂಪ್: ಖರ್ಚು ಕಡಿಮೆ, ಕರೆಂಟಿಗೆ ಸುಡುವ ಕಲ್ಲಿದ್ದಲಿನ ಹೊಗೆ ಜಾಸ್ತಿ. ಎರಡು, ಮೇಲಿನ ಕೆರೆಯಿಂದ ತಾನಾಗಿ ಇಳಿದು ಬರುವ ಪೈಪು: ಖರ್ಚು ದುಪ್ಪಟ್ಟು, ಹೊಗೆ ಅತ್ಯಲ್ಪ. ಮೂರು, ಈಗಿದ್ದ ಹಾಗೇ ಇರುವುದು. ಮಂಡಳಿಯ ವರದಿಯಲ್ಲಿ ಆ ಮೂರನೇ ಕಾಲಂನಲ್ಲಿ ಯಾರೋ ಬರೆದಿದ್ದರು... ಖರ್ಚು ಸೊನ್ನೆ, ಹೊಗೆ ಸೊನ್ನೆ!

ಟ್ಯಾಂಕರುಗಳೇನು ಗಾಳಿ ಕುಡಿದು ಗುಡ್ಡ ಹತ್ತುತ್ತವೆಯೇ?

ಆದರೆ ಸೊನ್ನೆ ಕಂಡರೆ ಯಾವ ಕಮಿಟಿ ತಾನೇ ಬಾಯಿ ಬಿಡುವುದಿಲ್ಲ? ಮಂಡಳಿಯ ಎಂಜಿನಿಯರಮ್ಮ ಗುಟ್ಟಾಗಿ ನನ್ನನ್ನು ನಿಜವಾದ ಲೆಕ್ಕ ಹಿಡಿಯಲು ಹಚ್ಚಿದಳು. ಹನ್ನೊಂದು ದಿನ ಗುಡ್ಡದ ತಿರುವಿನಲ್ಲಿ ಕೂತೆ. ಪ್ರತಿ ಟ್ರಿಪ್ಪು, ಅಲ್ಲೇ ಇದ್ದ ಬಂಕಿನಲ್ಲಿ ತುಂಬಿಸಿದ ಪ್ರತಿ ಲೀಟರ್ ಡೀಸೆಲ್ಲು ಈ ಪುಸ್ತಕದಲ್ಲಿ ಬರೆದೆ. ಹೊಗೆಯಲ್ಲಿ ಆ ಸೊನ್ನೆ ಪಂಪನ್ನೂ ಮೀರಿಸಿತ್ತು!

ಮೂರಕ್ಕೆ ಮಂಡಳಿಯ ಸಭೆ. ಆಗಲೇ ಎರಡು ಐವತ್ತೆಂಟು. ಸಂದಿ, ಮೆಟ್ಟಿಲು, ಕಾಂಪೌಂಡು... ಹಿಂದೆಯೇ ಮಾವನ ಹಾರ್ನ್. ಮೊಣಕಾಲು ತರಚಿಹೋಗಿತ್ತು. ಬಾಗಿಲು ತಳ್ಳಿದೆ. ಪುಸ್ತಕವನ್ನು ಮೇಜಿನ ಮೇಲೆ ಒಗೆದೆ.

ಅಧ್ಯಕ್ಷರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು.

"ಲೆಕ್ಕ ಸರಿಯಾಗಿದೆ ಕಣಯ್ಯಾ. ಭೇಷ್!"

"ಹಾಗಾದ್ರೆ ಪೈಪು...?"

"ಅದ್ಹೇಗಾಗತ್ತೆ? ಒಂದು ಕಾಲಂ ತಪ್ಪಂದ್ರೆ ವರದೀನೇ ತಪ್ಪು. ಮೊದಲಿಂದ ಮಾಡಿಸ್ಬೇಕು. ಎರಡು ವರ್ಷ ಅನ್ಕೋ."

"ಅಲ್ಲೀವರೆಗೆ ಸಾರ್?"

"ಈಗಿದ್ದ ಹಾಗೇ."

ಎಂಜಿನಿಯರಮ್ಮ ನನ್ನ ಮುಖ ನೋಡಲಿಲ್ಲ. ನಾನು ಅಕ್ಕನಿಗೆ ಫೋನ್ ಮಾಡಲಿಲ್ಲ.

ಹೊರಗೆ ಮಾವ ಟ್ಯಾಂಕರಿಗೆ ಒರಗಿ ನಿಂತಿದ್ದ. ಜವಾನ ಆಗಲೇ ಅವನ ಕಿವಿಗೆ ಸುದ್ದಿ ಹಾಕಿದ್ದ.

"ಎರಡು ವರ್ಷ ಅಂತಲ್ಲೋ! ಥೂ... ಸುಮ್ಸುಮ್ನೆ ಊರೆಲ್ಲಾ ನಿನ್ನ ಅಟ್ಟಾಡಿಸ್ಕೊಂಡು ಬಂದೆ."

"ಹೌದು ಮಾವ," ಅಂದೆ. "ಡೀಸೆಲ್ ದಂಡ."