ಮೂರನೇ ಕಪ್ಪಿನ ಹೊತ್ತಿಗೆ ಓಕೆ ಒತ್ತಿದ್ಯಾರು?

"ಗಾಶೆ, ನಾನು ಒತ್ತೇ ಇಲ್ಲ! ಸಂಜೆಯೊಳಗೆ ಕೆಲಸದಿಂದ ತೆಗೀತಾರಂತೆ. ಅದು ಹೋದ್ರೆ ಹೋಗ್ಲಿ, ಒಂದು ಜೀವ ತೆಗೀತಿದ್ದೆ ಅಂತ ಎಲ್ರೂ ನನ್ನೇ ನೋಡ್ತಿದಾರೆ!"

ಹಿರುತ್ ಹೀಗೆ ನಮ್ಮ ಪತ್ತೇದಾರಿ ಕೋಣೆಗೆ ನುಗ್ಗಿದ್ದು ಪಾಗುಮೆಯ ಮೊದಲ ದಿನ. ನಮ್ಮ ಇಥಿಯೋಪಿಯಾ ಪಂಚಾಂಗದಲ್ಲಿ ವರ್ಷದ ಬಾಲದಂಥ ಆ ಹದಿಮೂರನೇ ತಿಂಗಳಿಗೆ ಇರುವುದೇ ಐದಾರು ದಿನ. ಅಡಿಸ್ ಅಬಾಬಾದಲ್ಲಿ ಆಗ ಎಲ್ಲರಿಗೂ ಹೊಸ ವರ್ಷದ ಕುರಿಯದೇ ಚಿಂತೆ. ನನ್ನ ಗುರು, ಹಿರಿಯರೆಂದು ಎಲ್ಲರೂ ‘ಗಾಶೆ’ ಅನ್ನುವ ಪತ್ತೇದಾರ ಮೆಂಗೆಶಾಗೆ ಮಾತ್ರ ಕೇಸಿಲ್ಲದ ಚಿಂತೆ.

"ಹೆದರಬೇಡಿ ಅಕ್ಕಾ. ನ್ಯಾಯ ಲೇಟಾಗಿ ಬರಬಹುದು, ಆದ್ರೆ ಬಂದಾಗ ಬಾಗಿಲು ಒದ್ದೇ ಬರತ್ತೆ!" ಎಂದೆ, ಎದೆ ಉಬ್ಬಿಸಿ.

"ಸುರಾಫೆಲ್, ನಿನ್ನ ಸಿನಿಮಾ ಇಂಟರ್ವಲ್‌ಗೆ ನಿಲ್ಲಿಸು," ಎಂದರು ಗಾಶೆ, ಕೋಟು ಹಾಕಿಕೊಳ್ಳುತ್ತಾ. "ನೀನು ಹೇಳು ಮಗಳೇ."

ಅವಳ ಕಂಪನಿ ಒಂದು ಡಯಾಲಿಸಿಸ್ ಕೇಂದ್ರದ ಸರದಿ ನೋಡಿಕೊಳ್ಳುತ್ತದೆ. ಯಾವ ರೋಗಿ ಯಾವ ದಿನ ಬರಬೇಕೆಂದು ಫೋನಿಗೆ ಸಂದೇಶ ಕಳಿಸುವುದು ಅದರ ಕೆಲಸ. ಹೊಸ ಕೋಡನ್ನು ಎಐ ಕೈಲಿ ಬರೆಸಿದವನು ಅವಳ ಸಹೋದ್ಯೋಗಿ ಯರೆದ್. ಹಿರುತ್ ಓದಿ ಓಕೆ ಒತ್ತದೆ ಅದು ಲೈವ್ ಆಗಿ ಬಳಕೆಗೆ ಬರುವಂತಿರಲಿಲ್ಲ. ಅವಳು ಓದಲು ಕೂರುವ ಮೊದಲೇ ನಿನ್ನೆ ಅವಳ ಹೆಸರಿನಲ್ಲಿ ಓಕೆ ಬಿದ್ದಿತ್ತು. ಇವತ್ತು ಒಬ್ಬ ರೋಗಿಗೂ ಸಂದೇಶ ಹೋಗಿರಲಿಲ್ಲ. ಎಮಾಮಾ ಜೆನೆಬೆಚ್ ಎಂಬ ಅಜ್ಜಿ ಸಂದೇಶ ಬರಲೆಂದು ಕಾದೂ ಕಾದೂ ಉಸಿರು ಕಟ್ಟಿ ಬಿದ್ದು, ಆಸ್ಪತ್ರೆ ಸೇರಿದ್ದರು.

ಅವಳ ಕಚೇರಿಯಲ್ಲಿ ಮಾಲೀಕ ಫಿಕಾದು, ಮರ್ಯಾದೆಗೆ ‘ಅತೋ’ ಫಿಕಾದು, ಕಿಟಕಿಗೂ ಬಾಗಿಲಿಗೂ ಶತಪಥ ಹಾಕುತ್ತಿದ್ದ. ನಮ್ಮನ್ನು ಕಂಡವನೇ ಪರದೆ ತಿರುಗಿಸಿದ. "ನೋಡಿ, ಇವಳದೇ ಹೆಸರು, ಇವಳದೇ ಕಂಪ್ಯೂಟರು. ಟಿಪ್ಪಣಿ ಬೇರೆ ಬರೆದಿದಾಳೆ!"

ಗಾಶೆ ಜೋರಾಗಿ ಓದಿದರು: "ಪ್ರತಿ ಸಾಲನ್ನೂ ಓದಿದ್ದೇನೆ. ಹನ್ನೆರಡು ತಿಂಗಳ ದಿನಾಂಕಗಳನ್ನೂ ಪರೀಕ್ಷಿಸಿದ್ದೇನೆ. ದೋಷವಿಲ್ಲ."

"ಈ ಓಕೆ ಬಿದ್ದ ಹೊತ್ತಿಗೆ ಹಿರುತ್ ಎಲ್ಲಿದ್ಲು?" ಎಂದು ಕೇಳಿದರು.

ಫಿಕಾದು ತಡವರಿಸಿದ. "ಅದೇ ವಿಚಿತ್ರ. ಎಲ್ರೂ ಕಾಫಿಗೆ ಕೂತಿದ್ವಿ. ಮೂರನೇ ಸುತ್ತು, ಕೊನೇದು, ಆಶೀರ್ವಾದದ ಕಪ್ಪು. ಆಗ ಏಳೋದು ಅಪಚಾರ, ಯಾರೂ ಎದ್ದಿಲ್ಲ. ಫೋನಲ್ಲೇ ಮಾಡಿರ್ಬೇಕು ಅನ್ಕೊಂಡೆ."

"ಫೋನು ಮೇಜಿನ ಮೇಲಿತ್ತು, ಕೈಯಲ್ಲಿ ಕಪ್ಪಿತ್ತು," ಎಂದಳು ಹಿರುತ್. "ನಾನು ಮೊದಲ ಕಪ್ಪಿಗೇ ಏಳ್ತಿದ್ದೆ, ಕೋಡ್ ಓದೋದಿತ್ತು. ಯರೆದ್ ಅಣ್ಣನೇ ಭುಜ ಒತ್ತಿ ಕೂರಿಸಿದ."

ನಾನು ಪಿಸುಗುಟ್ಟಿದೆ: "ಗಾಶೆ, ದೆವ್ವ! ಡಬಲ್ ಆಕ್ಟಿಂಗ್!"

ಗಾಶೆ ಆಗಲೇ ಯರೆದ್‌ನ ಮೇಜಿನ ಬಳಿ ಇದ್ದರು. "ಚೆನ್ನಾಗಿದೆ ಪರದೆ. ಹೊಸದಾ?"

"ಹಳೇದೇ," ಎಂದ ಯರೆದ್, ಮೊಣಕಾಲು ಕುಣಿಸುತ್ತಾ.

"ನಿನ್ನೆ ಬೆಳಗ್ಗೆ ಪರದೆ ಸತ್ತೋಯ್ತು ಅಂತ ನನ್ನ ಕಂಪ್ಯೂಟರ್ ತಗೊಂಡಿದ್ದ," ಎಂದಳು ಹಿರುತ್, ಅಚ್ಚರಿಯಿಂದ.

"ಒಂದೇ ಪ್ರಶ್ನೆ ಮಗಳೇ. ಕೋಡ್ ಓದೋಕೆ ಕೂತಾಗ ಮೊದಲು ಏನು ಮಾಡ್ತೀಯ?"

"ನನ್ನ ಮಗಳು ಹುಟ್ಟಿದ ದಿನ ಹಾಕಿ ನೋಡ್ತೀನಿ. ಪಾಗುಮೆ ಮೂರು. ಆಫೀಸೆಲ್ಲ ನಗತ್ತೆ."

ಗಾಶೆ ಎಲ್ಲರನ್ನೂ ಆ ಕಾಫಿ ಮೂಲೆಯಲ್ಲೇ ಕೂರಿಸಿದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಯಾರೂ ಓಡಲಿಲ್ಲ, ಸ್ವಲ್ಪ ಬೇಜಾರಾಯಿತು.

"ಎಲ್ಲರ ಕೈಲೂ ಕಪ್ಪಿತ್ತು. ಅಂದ್ಮೇಲೆ ಒತ್ತಿದ ಕೈ ಮನುಷ್ಯರದ್ದಲ್ಲ," ಎಂದರು ಗಾಶೆ. "ಟಿಪ್ಪಣಿ ನೋಡಿ. ಹನ್ನೆರಡು ತಿಂಗಳು! ಈ ಊರಲ್ಲಿ ಮೂಗು ಸೋರೋ ಮಗೂನ ಕೇಳಿದ್ರೂ ಹದಿಮೂರು ಅನ್ನತ್ತೆ. ಪಾಗುಮೆಯಲ್ಲೇ ಮಗಳನ್ನ ಹೆತ್ತವಳು ಹನ್ನೆರಡು ಅಂತಾಳಾ? ಕೋಡ್ ಬರೆದ ಎಐ ಹದಿಮೂರನೇ ತಿಂಗಳನ್ನ ತಪ್ಪು ಅಂದ್ಕೊಂಡು, ಪಾಗುಮೆಯ ಸರದಿಗಳನ್ನೆಲ್ಲ ಬಿಸಾಕಿದೆ. ಅದನ್ನ ಓದಿ ಓಕೆ ಅಂದದ್ದೂ ಅಂಥದ್ದೇ ಇನ್ನೊಂದು ಎಐ. ಬರೆದವನಿಗೇ ಉತ್ತರಪತ್ರಿಕೆ ತಿದ್ದೋಕೆ ಕೊಟ್ಟ ಹಾಗೆ."

"ಯಾರು ಕೂರಿಸಿದ್ದು ಅದನ್ನ?" ಫಿಕಾದು ಗುಡುಗಿದ.

"ಪರದೆ ಸತ್ತಿದೆ ಅಂತ ಸುಳ್ಳು ಹೇಳಿ ಇವಳ ಕಂಪ್ಯೂಟರ್ ಮುಟ್ಟಿದವನು. ಅದು ಓಕೆ ಹಾಕೋವರೆಗೂ ಇವಳನ್ನ ಕಾಫಿಗೆ ಕಟ್ಟಿ ಹಾಕಿದವನು. ಅಲ್ವಾ ಯರೆದ್?"

ಯರೆದ್‌ನ ಮೊಣಕಾಲು ನಿಂತಿತು. "ಹಬ್ಬದೊಳಗೆ ಲೈವ್ ಆಗ್ಬೇಕು ಅಂತ ದಿನಾ ತಲೆ ತಿಂತಿದ್ದಿದ್ದು ನೀವೇ ಅಲ್ವಾ ಅತೋ ಫಿಕಾದು? ಇವಳು ಸಾಲು ಸಾಲು ಓದ್ತಾಳೆ. ಎಐ ನಮಗಿಂತ ಬುದ್ಧಿವಂತ ಗಾಶೆ. ಇಷ್ಟು ದಿನ ಒಂದು ತಪ್ಪೂ ಮಾಡಿರ್ಲಿಲ್ಲ."

"ಬುದ್ಧಿವಂತನೇ ಇರಬಹುದು. ನೀನೇ ಒಂದು ಸಲ ಕಣ್ಣಾಡಿಸಿದ್ರೂ ಸಿಗ್ತಿತ್ತು, ನೀನೂ ಈ ಊರವನೇ. ಹೋಗ್ಲಿ, ಆಸ್ಪತ್ರೆಗೆ ಹೋಗಿ ಎಮಾಮಾ ಮುಂದೆ ನಿಂತು ತಪ್ಪಾಯ್ತು ಅನ್ನೋಕೆ ನಿನ್ನ ಎಐಗೆ ಕಾಲಿದೆಯಾ?"

ನನ್ನ ಬಾಯಲ್ಲೊಂದು ಡೈಲಾಗ್ ಸಿದ್ಧವಿತ್ತು. ಯರೆದ್‌ನ ಮುಖ ನೋಡಿ ನುಂಗಿಕೊಂಡೆ. ಅವನು ಎದ್ದು ಜಾಕೆಟ್ ತೆಗೆದುಕೊಂಡ. ನಾನು ಬಾಗಿಲು ಬಿಟ್ಟೆ.

ಉಳಿದ ನಾವು ಇವತ್ತು ಸರದಿ ತಪ್ಪಿದವರಿಗೂ ನಾಳೆಯ ರೋಗಿಗಳಿಗೂ ಒಬ್ಬೊಬ್ಬರಿಗೇ ಫೋನ್ ಹಚ್ಚಿದೆವು. ತಿದ್ದಿದ ಕೋಡ್ ಸಿದ್ಧವಾದಾಗ ಫಿಕಾದು ಹಿರುತ್‌ಳ ಬೆನ್ನ ಹಿಂದೆ ಬಂದು ನಿಂತ. "ಅಮ್ಮಾ ಹಿರುತ್, ನನ್ನದು ತಪ್ಪಾಯ್ತು. ಈಗ ಬೇಗ ಓಕೆ ಒತ್ತಿಬಿಡು, ಕೇಂದ್ರದವರು ಕಾಯ್ತಿದಾರೆ."

ಹಿರುತ್ ತಿರುಗಲಿಲ್ಲ. "ಕೂತ್ಕೊಳ್ಳಿ ಅತೋ ಫಿಕಾದು. ಓದ್ತಿದೀನಿ."

ಫಿಕಾದು ಕೂತ. ಅವಳು ಮೊದಲು ಒಂದು ದಿನಾಂಕ ಹಾಕಿದಳು: ಪಾಗುಮೆ ಮೂರು. ಈ ಸಲ ಯಾರೂ ನಗಲಿಲ್ಲ.