ಅಮ್ಮನ ಐದು ನಿಮಿಷ

"ಅಮ್ಮಾ, ಮಾತಾಡ್ಬೇಡ! ಇನ್ನೂ ಮೂರು ನಿಮಿಷ ಇದೆ!"

"ನಾನೆಲ್ಲೇ ಮಾತಾಡ್ದೆ? ಮಾತಾಡ್ತಿರೋದು ನೀನೇ," ಎಂದಳು ಅಮ್ಮ. ಅವಳ ತೋಳಿಗೆ ಬಿಪಿ ಮಷೀನಿನ ಪಟ್ಟಿ ಸುತ್ತಿಕೊಂಡಿತ್ತು.

ಪಟಪಟಿ ನಾಲಿಗೆ ಕಚ್ಚಿಕೊಂಡಳು. ಶಾಲೆಯಲ್ಲಿ ಅವಳಿಗೆ ಬೇರೆ ಹೆಸರಿದೆ. ಆದರೆ ಬಾಯಿಗೆ ಬೀಗವೇ ಇಲ್ಲದ ಹುಡುಗಿಯನ್ನು ಮನೆಯಲ್ಲಿ ಇನ್ನೇನೆಂದು ಕರೆಯುತ್ತಾರೆ?

ಅಮ್ಮ ಸಿಟಿ ಬಸ್ ಡ್ರೈವರ್. ಹೋದ ವಾರ ಡಿಪೋದಲ್ಲಿ ಎಲ್ಲರ ಬಿಪಿ ನೋಡಿದರು. ಅರ್ಧಕ್ಕರ್ಧ ಜನರಿಗೆ 'ಸ್ವಲ್ಪ ಜಾಸ್ತಿ'. ಅಮ್ಮನಿಗೂ ಅಷ್ಟೇ. ಡಾಕ್ಟರು ಒಂದು ಮಷೀನು ಕೊಟ್ಟು, "ಏಳು ದಿನ ಮನೇಲಿ ನೋಡಿ ಬರ್ಕೊಂಡು ಬನ್ನಿ. ಮೊದಲು ಐದು ನಿಮಿಷ ಸುಮ್ನೆ ಕೂತಿರ್ಬೇಕು" ಎಂದಿದ್ದರು. ಬಿಪಿ ಇಳಿಯದಿದ್ದರೆ ಕೆಲವು ದಿನ ಸ್ಟೇರಿಂಗ್ ಬಿಟ್ಟು ಆಫೀಸಿನಲ್ಲಿ ಕೂರಬೇಕು. ಅಮ್ಮನಿಗೆ ಬಸ್ಸೆಂದರೆ ಪ್ರಾಣ.

ಗಡಿಯಾರ ನೋಡುವುದು, ನಂಬರ್ ಬರೆಯುವುದು ಪಟಪಟಿಯ ಕೆಲಸ. ಇವತ್ತಿಗೆ ಆರನೇ ದಿನ. ಅವಳ ತಲೆ ಕೆಟ್ಟುಹೋಗಿತ್ತು. ಒಂದು ದಿನ 138, ಇನ್ನೊಂದು ದಿನ 146, ಮತ್ತೆ 134. ಅಮ್ಮ ಒಬ್ಬಳೇ, ತೋಳೂ ಅದೇ!

"ಇದ್ರಲ್ಲಿ ನಿಜವಾದ್ದು ಯಾವ್ದಮ್ಮಾ?"

"ನಂಗೇನ್ ಗೊತ್ತು? ದಿನವಿಡೀ ಕೂತೇ ಕೆಲ್ಸ ಮಾಡ್ತೀನಿ. ಮನೇಲೂ ಬಂದು ಕೂತ್ಕೋ ಅಂದ್ರೆ!"

ಅದೂ ಸರಿಯೇ. ಎಂಟು ಗಂಟೆ ಕೂರುವವಳಿಗೆ ಐದು ನಿಮಿಷ ಯಾಕೆ ಕೂರಲಾಗುವುದಿಲ್ಲ? ಎಷ್ಟು ಯೋಚಿಸಿದರೂ ಪಟಪಟಿಗೆ ಬಗೆಹರಿಯಲಿಲ್ಲ.

"ಗ್ಯಾಸ್ ಲೈಟರ್ ಎಲ್ಲೇ?" ಅಡುಗೆಮನೆಯಿಂದ ಅಪ್ಪ ಕೂಗಿದ.

"ಫ್ರಿಜ್ ಮೇಲೆ ನೋಡ್ರೀ!" ಅಮ್ಮ ಅರ್ಧ ಎದ್ದೇಬಿಟ್ಟಳು.

ಇವತ್ತು 142 ಬಂತು.

ಪಟಪಟಿ ನಂಬರ್ ಬರೆದಿಟ್ಟ ಪುಸ್ತಕ ತಿರುವಿದಳು. 134 ಬಂದ ದಿನ ಅಪ್ಪ, ತಮ್ಮ ಇಬ್ಬರೂ ಅಂಗಡಿಗೆ ಹೋಗಿದ್ದರು. 146 ಬಂದ ದಿನ? ಅವತ್ತು "ನನ್ ಜಾಮಿಟ್ರಿ ಬಾಕ್ಸ್ ಎಲ್ಲಮ್ಮಾ?" ಅಂತ ಮೂರು ಸಲ ಕೇಳಿದ್ದು ತಾನೇ. ಅವಳಿಗೆ ಅಳು ಬಂದ ಹಾಗಾಯಿತು.

ಏಳನೇ ದಿನ ಸಂಜೆ ಅಮ್ಮ ಡ್ಯೂಟಿ ಮುಗಿಸಿ ಬಂದು, ತೋಳಿಗೆ ಪಟ್ಟಿ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಳು. "ಅಮ್ಮಾ, ಚೆಂ..." ಎನ್ನುವಷ್ಟರಲ್ಲಿ ಪಟಪಟಿ ತಮ್ಮನ ಬಾಯಿ ಮುಚ್ಚಿ ಎಳೆದುಕೊಂಡು ಹೋದಳು. ಚೆಂಡು ಮಂಚದ ಕೆಳಗಿತ್ತು. ಅಪ್ಪ ಕೂಗುವ ಮುಂಚೆಯೇ ಸಕ್ಕರೆ ಡಬ್ಬಿ ಹುಡುಕಿಕೊಟ್ಟಳು. ಮೆಟ್ಟಿಲ ಮೇಲೆ ಪಕ್ಕದ ಮನೆ ಆಂಟಿಯ ಹೆಜ್ಜೆ ಸದ್ದು ಕೇಳಿದ್ದೇ ತಡ, ಓಡಿಹೋಗಿ ಬಾಗಿಲು ತೆರೆದು, "ಆಂಟಿ, ಆಮೇಲೆ ಬನ್ನಿ, ಪ್ಲೀಸ್!" ಎಂದಳು. ಉಸ್ಸಪ್ಪಾ! ಐದೇ ನಿಮಿಷದಲ್ಲಿ ಇಷ್ಟೊಂದು ಕೆಲಸವೇ?

ವಾಪಸ್ ಬಂದರೆ ಅಮ್ಮನ ತಲೆ ಒಂದು ಕಡೆಗೆ ವಾಲಿತ್ತು. ಸಣ್ಣಗೆ ಗೊರಕೆ. ಸಂಜೆ ಹೊತ್ತಿನಲ್ಲಿ ಅಮ್ಮ ಕಣ್ಣು ಮುಚ್ಚಿದ್ದನ್ನು ಪಟಪಟಿ ನೋಡಿಯೇ ಇರಲಿಲ್ಲ.

"ಅಕ್ಕಾ, ಐದು ನಿಮಿಷ ಆಯ್ತಲ್ಲ, ಬಟನ್ ಒತ್ತು," ತಮ್ಮ ಪಿಸುಗುಟ್ಟಿದ.

ಪಟಪಟಿ ಗಡಿಯಾರ ನೋಡಿದಳು. ಒಂಬತ್ತು ನಿಮಿಷ ಆಗಿತ್ತು.

"ಆಗಿಲ್ಲ ಕಣೋ," ಎಂದಳು ಮೆಲ್ಲಗೆ. "ಇನ್ನೂ ಇದೆ."